ಡಬ್ಬ ಹಿಡಿದವನ ಮಾತು ಯಾರಿಗೆ ಕೇಳ್ಸುತ್ತೆ

ನಾನು ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದ ಕಾಲದಲ್ಲಿ, ಗಣೇಶನ ಹಬ್ಬ ಹತ್ರ ಬಂತು ಅಂದ್ರೆ ಗೋವಿಂದರಾಜನಗರದಲ್ಲಿ ಯಾರೂ ನೆಟ್ಟಗೆ ನಡ್ಯೋ ಹಾಗೇ ಇರ್ಲಿಲ್ಲ. ಗಲ್ಲಿಗೊಂದು ಗ್ಯಾಂಗು, ಗ್ಯಾಂಗಿಗೊಂದು ಚಂದಾ ಡಬ್ಬ. ಹಾಲಿನ ಪುಡಿ ಡಬ್ಬದ ಮುಚ್ಚಳ ಸೀಳಿ, ಗಣಪ್ಪನ ಚಿತ್ರ ಅಂಟ್ಸಿ, ಗಲಗಲ ಅನ್ನಿಸ್ಕೊಂಡು ಜನಕ್ಕೆ ಅಡ್ಡ ನಿಂತ್ಕೊಳ್ಳೋದು. ಅದ್ರಲ್ಲಿ ಕಿಂಗ್ ಯಾರು ಅಂತೀರಾ? ಈ ಮುದ್ಕನೇ ಸ್ವಾಮಿ!

ಜನ ತಪ್ಪಿಸ್ಕೊಳ್ಳೋ ವಿದ್ಯೆ ಎಲ್ಲಾ ನಂಗೆ ಬಾಯಿಪಾಠ. ಡಬ್ಬ ಕಂಡ ತಕ್ಷಣ ಕೆಲವ್ರಿಗೆ ಆಕಾಶದಲ್ಲಿ ಏನೋ ಕಾಣ್ಸೋದು. ಆಂಟಿಯರು ಸೆರಗು ಬಿಗಿಯಾಗಿ ಸುತ್ಕೊಂಡು, "ಮನೆಯವ್ರು ಹಿಂದೆ ಬರ್ತಿದಾರೆ, ಅವ್ರನ್ನ ಕೇಳಪ್ಪ" ಅನ್ನೋರು. ಹಿಂದೆ ನೋಡಿದ್ರೆ ಒಂದು ಹಸು! ನಾನು ಬಿಡ್ತಿದ್ನಾ? "ಅಂಕಲ್, ಗಣಪ್ಪ ನೋಡ್ತಾವ್ನೆ!" ಅಂತ ಬಸ್‌ಸ್ಟಾಪ್‌ವರೆಗೂ ಬೆನ್ನು ಬೀಳ್ತಿದ್ದೆ.

ಆ ವರ್ಷ ನಮ್ ಏರಿಯಾ ಜನ ಕೊಟ್ಟು ಕೊಟ್ಟು ಸುಸ್ತಾಗಿದ್ರು. "ಮಗಾ, ರಾಜಾಜಿನಗರದ ಕಡೆ ಹೋಗಣ, ಅಲ್ಲಿ ಸಾವ್ಕಾರ್ರು ಇರ್ತಾರೆ" ಅಂತ ನನ್ ಫ್ರೆಂಡ್ ಸೀನನ್ನ ಎಳ್ಕೊಂಡು ಹೊರಟೆ. ಸೀನಂಗೆ ಉಬ್ಬಸ. ಆವತ್ತು ಜಿಟಿಜಿಟಿ ಮಳೆ, ಕೆಸ್ರು ವಾಸನೆ, ಯಾರ್ದೋ ಮನೇಲಿ ಕಡುಬು ಬೇಯ್ತಿದ್ದ ಘಮ. ನಡೀತಾ ನಡೀತಾ ಅವನ ಎದೆ ಸೀಟಿ ಹೊಡ್ಯೋಕೆ ಶುರುವಾಯ್ತು. ಮನೆಗಳ ಹಿಂದಿನ ಸಂದೀಲಿ ಗೋಡೆಗೆ ಒರಗಿ ಕೂತ್ಬಿಟ್ಟ.

"ಏನೋ, ನಾಟ್ಕಾನಾ?"

"ಆಗ್ತಿಲ್ಲ... ಕಣೋ..."

ತುಟಿ ನೇರಳೆಹಣ್ಣು ತಿಂದಂಗೆ ಆಗಿತ್ತು. ಎತ್ತೋಕೆ ನೋಡ್ದೆ, ನನಗಿಂತ ದಪ್ಪ ಅವ್ನು. ಮೇನ್ ರೋಡಿಗೆ ಓಡ್ದೆ.

"ಸಾರ್, ಸಾರ್, ಒಂದ್ನಿಮಿಷ!"

"ಮುಂದೆ ಹೋಗೋ."

"ಆಂಟಿ, ನನ್ ಫ್ರೆಂಡು..."

"ಆಗ್ಲೇ ಕೊಟ್ಟೆ ಕಣಪ್ಪ."

"ಅಣ್ಣಾ, ಅವ್ನಿಗೆ ಉಸ್ರು ಬರ್ತಿಲ್ಲ, ಸತ್ತೋಗ್ತಾನೆ!"

"ಗಣಪತಿಗೆ ಅಂತ ಇನ್ನೂ ಏನೇನ್ ಕಥೆ ಕಟ್ತೀರೋ!" ಅಂತ ನಗ್ತಾ ಹೋದ ಆ ಪುಣ್ಯಾತ್ಮ.

ನಾನು ಓಡಿದಷ್ಟೂ ಕೈಲಿದ್ದ ಡಬ್ಬ ಗಲಗಲ ಅನ್ನೋದು. ನನ್ ಮಾತಿಗಿಂತ ಮೊದ್ಲು ಆ ಸದ್ದು ಅವ್ರ ಕಿವಿಗೆ ಬೀಳೋದು, ಅಷ್ಟೊತ್ತಿಗೆ ಮುಖ ಆಕಡೆ ತಿರುಗಿರೋದು. ಅದನ್ನ ಕೆಳಗಿಡ್ಬೇಕು ಅಂತ ನನ್ ತಲೆಗೆ ಹೊಳೀಲೇ ಇಲ್ಲ. ಸಂದಿ ಕಡೆ ತಿರುಗಿ ನೋಡ್ದೆ. ಸೀನನ ಕತ್ತು ವಾಲಿತ್ತು.

ಮುಚ್ಚಳ ಕಿತ್ತೆ. ಅಷ್ಟೂ ಚಿಲ್ಲರೆ ರೋಡ್ ಮಧ್ಯಕ್ಕೆ ತೂರ್ದೆ.

ನೋಡ್ಬೇಕಿತ್ತು ನೀವು! ಆಕಾಶ ನೋಡ್ತಿದ್ದೋರೆಲ್ಲ ನೆಲ ನೋಡಿದ್ರು. ಸೈಕಲ್‌ಗಳು ನಿಂತ್ವು, ಜಟಕಾ ನಿಂತ್ಕೊಂತು. ಒಬ್ಬ ದಪ್ಪ ಮೀಸೆಯವ್ನು ಬಂದು ನನ್ ಕಿವಿ ಹಿಡ್ದ. "ಏ ಕತ್ತೆ, ದೇವ್ರ ದುಡ್ಡು ಬೀದಿಗೆ ಚೆಲ್ತೀಯಾ?" ಅಂತ ರಪ್ ಅಂತ ಒಂದು ಬಿಟ್ಟ.

ನಾನು ಅವನ ಕೈನ ಎರಡೂ ಕೈಲಿ ಗಟ್ಟಿಯಾಗಿ ಹಿಡ್ಕೊಂಡೆ. "ಇನ್ನೂ ಹೊಡೀರಿ ಸಾರ್, ಆದ್ರೆ ಬನ್ನಿ, ಬನ್ನಿ!" ಅಂತ ಅಳ್ತಾ ಸಂದಿವರೆಗೂ ಎಳ್ದೆ. ಸೀನನ್ನ ನೋಡಿದ್ದೇ ತಡ, ಆ ಮೀಸೆಯವ್ನು ಅವನನ್ನ ಹೆಗಲ ಮೇಲೆ ಹಾಕ್ಕೊಂಡು ಡಾಕ್ಟ್ರ ಶಾಪಿಗೆ ಬರಿಗಾಲಲ್ಲಿ ಓಡ್ದ, ಚಪ್ಪಲಿ ಸಂದೀಲೇ ಉಳ್ಕೊಂಡ್ವು. ಸೂಜಿ ಚುಚ್ಚಿದ್ಮೇಲೆ ಸೀನ ಉಸಿರಾಡ್ದ. ಎಷ್ಟು ಜನಕ್ಕೆ ಬೆನ್ನು ಬಿದ್ದಿದ್ದೆ ನಾನು, ಜೀವಮಾನದಲ್ಲಿ ಹಿಡಿದ ದೊಡ್ಡ ಗಿರಾಕಿ ಆ ಮೀಸೆಯವ್ನೇ!

ಮೊನ್ನೆ ವಿಜಯನಗರ ಮೆಟ್ರೋ ಕೆಳಗೆ ಹೋಗ್ತಿದ್ದೆ. ಕೊರಳಲ್ಲಿ ಐಡಿ ಕಾರ್ಡು, ಕೈಲಿ ಮೊಬೈಲಿಂದ ಚಂದಾ ಹಾಕೋ ಸ್ಕ್ಯಾನರ್ ಕಾರ್ಡು ಹಿಡಿದಿದ್ದ ಒಬ್ಳು ಹುಡುಗಿ "ಅಂಕಲ್, ಒಂದ್ನಿಮಿಷ!" ಅಂತ ಅಡ್ಡ ಬಂದ್ಲು. ಈ ಕಿಂಗ್ ಏನ್ ಮಾಡ್ದ ಗೊತ್ತಾ? ಮೊಬೈಲ್ ಕಿವಿಗಿಟ್ಟು, ಆಕಡೆ ಯಾರೂ ಇಲ್ದಿದ್ರೂ "ಹಲೋ, ಹಲೋ" ಅಂತ ಮೆಟ್ಲು ಹತ್ದ. ಅವಳು ಹಿಂದೆ ಬರ್ತಾ ಇನ್ನೇನೋ ಅಂದ್ಲು, ಅವಳ ದನೀಲಿ ಅಳು ಇದ್ದಂಗಿತ್ತು.

ಮೇಲೆ ಹೋದ್ಮೇಲೆ ಸೀನನ ನೆನಪಾಯ್ತು. ಚಂದಾನೇ ಕೇಳಿದ್ಲಾ, ಇಲ್ಲ ಆವತ್ತು ನಾನು ಕೂಗಿದಂಗೆ ಸಹಾಯಕ್ಕೆ ಕೂಗಿದ್ಲಾ? ಮಂಡಿನೋವು ಮರ್ತು ವಾಪಸ್ ಇಳ್ದೆ. ಅವಳು ಕಾಣ್ಲಿಲ್ಲ. ಎಲ್ರೂ ಕಿವಿಗೆ ಇಯರ್‌ಫೋನ್ ಸಿಗಿಸ್ಕೊಂಡು ಹೋಗ್ತಾನೇ ಇದ್ರು.

ನಮ್ ಕಾಲದ ಜನ ಕಾಸಿಗಾದ್ರೂ ನಿಲ್ತಿದ್ರು, ಹೊಡ್ಯೋಕಾದ್ರೂ ಹತ್ರ ಬರ್ತಿದ್ರು. ಆ ಹುಡುಗಿ ತನ್ ಕಾರ್ಡು ರೋಡ್ ಮಧ್ಯಕ್ಕೆ ಎಸೆದಿದ್ರೆ, ಯಾರು ನಿಲ್ತಿದ್ರು ಹೇಳಿ?