ನಳದ ಬಾಯಿ ನೋಡುತ್ತಿದ್ದ ನೀಲಮ್ಮ ಕಾಕಿ

ನೀಲಮ್ಮ ಕಾಕಿ ಅಂಗಡಿಯಲ್ಲಿ ನೀರಿನ ನಳ ಆರಿಸುವುದನ್ನು ನೋಡಲೆಂದೇ ಜನ ನಿಲ್ಲುತ್ತಿದ್ದರು. ಹೊಸ ನಳವನ್ನು ಡಬ್ಬಿಯಿಂದ ತೆಗೆದು, ಅಂಗೈಯಲ್ಲಿ ತೂಗಿ, ತಲೆಕೆಳಗೆ ಮಾಡಿ, ಒಂದು ಕಣ್ಣು ಮುಚ್ಚಿ ಅದರ ಬಾಯಿಯೊಳಗೆ ಇಣುಕುತ್ತಿದ್ದಳು.

"ಎತ್ತ ತರೂಮುಂದ ಹಲ್ಲ ನೋಡ್ತೀರಿಲ್ಲ? ಇದಕ್ಕೂ ಹಂಗ. ಮ್ಯಾಲಿನ ಹೊಳಪು ಯಾರರ ಹಚ್ತಾರ. ಒಳಗ ಹಳದಿ ಕಂಡ್ರ ಹಿತ್ತಾಳಿ, ಬೂದಿ ಬಣ್ಣ ಕಂಡ್ರ ಮೋಸ."

ರಂಗಂಪೇಟೆಯಲ್ಲಿ ನಮಗೂ ಅವಳಿಗೂ ಒಂದೇ ಗೋಡೆ. ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುವವಳು, ಹಾಲಿನವನಿಗೂ ಗದರದವಳು. ಆದರೆ ನಳದಂಗಡಿ ಮಲ್ಲಣ್ಣ ಸಾಹುಕಾರನ ಹೆಸರು ಬಂದ ದಿನ ಅವಳು ರೊಟ್ಟಿ ಬಡಿಯುವ ಸದ್ದು ಗೋಡೆಯಾಚೆ ನನ್ನ ಒಲೆಯವರೆಗೂ ಕೇಳುತ್ತಿತ್ತು.

ಅದಕ್ಕೆ ಕಾರಣ ಅವಳ ಹೊಸ ಮನೆಯ ಪ್ರವೇಶದ ದಿನ. ಬಚ್ಚಲಿನ ನಳಗಳೆಲ್ಲ ಸಾಹುಕಾರನ ಅಂಗಡಿಯವು. ಕನ್ನಡಿಯ ಹಾಗೆ ಹೊಳೆಯುತ್ತವೆಂದು ಕಾಕಿಯೇ ಮೆಚ್ಚಿ ತಂದಿದ್ದಳು. ಬೀಗಿತಿಗೆ ಕಾಲು ತೊಳೆಯಲು ನೀರು ಕೊಡಬೇಕೆಂದು ತಿರುವಿದಳು, ನಳ ಕುತ್ತಿಗೆ ಸಹಿತ ಕೈಗೆ ಬಂತು. ಬೀಗಿತಿಯ ರೇಷ್ಮೆ ಸೀರೆ ತೊಯ್ದಿತು. ನೀರು ಪಡಸಾಲೆಗೆ ನುಗ್ಗಿ ಉಣ್ಣುತ್ತಿದ್ದ ಪಂಕ್ತಿ ಎದ್ದು ನಿಂತಿತು. ಊಟಕ್ಕೆ ಬಂದಿದ್ದ ಸಾಹುಕಾರ ಎಲ್ಲರಿಗೂ ಕೇಳುವಂತೆ ಅಂದ: "ನಳಕ್ಕೇನಾಗ್ಯಾದಬೇ? ರೊಟ್ಟಿ ಬಡಿಯೋ ಕೈ, ಶೆಗಣಿ ಕುಳ್ಳ ತಟ್ಟೋ ಕೈ. ನಿಮ್ಮಂಥವ್ರಿಗಿ ಹಗ್ಗ, ಕೊಡಪಾನನ ಸರಿ!"

ಜನ ನಕ್ಕರು. ಬೀಗಿತಿಯೂ ನಕ್ಕಳು. ಅದೇ ಕಾಕಿಯ ಎದೆಗೆ ನಟ್ಟಿದ್ದು.

ಸಂಜೆ ಕಾಕಿ ಮುರಿದ ನಳವನ್ನು ಒರೆಸಿ ಗೋಡೆಯ ಮಾಡದಲ್ಲಿಟ್ಟಳು. "ನಂದಲ್ಲ, ನಳದ ತಪ್ಪು ಅಂತ ಅವನ ಬಾಯಿಲೆ, ಮಂದಿ ಮುಂದ ಹೇಳಸ್ತೀನಿ ನೋಡು."

ಅಲ್ಲಿಂದ ಪೇಟೆಯಲ್ಲಿ ಯಾರು ಮನೆ ಕಟ್ಟಿದರೂ ಕಾಕಿ ಅವರ ಜೊತೆ ಅವನ ಅಂಗಡಿಗೆ ಹೊರಟಳು. ಒಂದೊಂದೇ ನಳದ ಬಾಯಿ ನೋಡಿ, "ಭಾಳ ಛಲೋ ಹೊಳಿತಾವ್ರಿ ಸಾವ್ಕಾರ್ರ," ಎಂದು ಡಬ್ಬಿಗೆ ಹಾಕಿ, ಗಿರಾಕಿಯನ್ನು ಶಹಾಪುರದ ಅಂಗಡಿಗೆಂದು ಬಸ್ಸು ಹತ್ತಿಸುತ್ತಿದ್ದಳು.

"ನಿನಗ ಮನ್ಯಾಗ ಕೆಲಸಿಲ್ಲೇನಬೇ?" ಸಾಹುಕಾರ ಒಮ್ಮೆ ಸಿಡುಕಿದ.

"ಇದೂ ಮನಿ ಕೆಲಸನ ಅದರಿ."

ಕಡೆಗೆ ಸಾಹುಕಾರನೇ ಮನೆ ಕಟ್ಟಿಸಿದ. ಊರಿಗೆಲ್ಲ ಆಮಂತ್ರಣ. ಅವನ ಹೆಂಡತಿ ನಮ್ಮನ್ನು ಬಚ್ಚಲಿಗೆ ಕರೆದೊಯ್ದು ಹೆಮ್ಮೆಯಿಂದ ತೋರಿಸಿದಳು: "ಇವು ನಮ್ಮ ಅಂಗಡ್ಯಾವಲ್ರಿ. ನಮ್ಮವು ಬಾಳಿಕಿ ಬರಂಗಿಲ್ಲಂತ ಶಹಾಪುರದಿಂದ ತರಸ್ಯಾರ." ಕಾಕಿ ಅವಳ ಗಲ್ಲ ಸವರಿ, "ಛಲೋ ಮಾಡೀರಿ ತಾಯಿ," ಎಂದಳು.

ನಮ್ಮಲ್ಲಿ ಆಯೇರು ಮಾಡಿದವರ ಹೆಸರು, ಕೊಟ್ಟ ವಸ್ತು ಎರಡನ್ನೂ ಮೈಕಿನಲ್ಲಿ ಕೂಗುತ್ತಾರೆ. ಕಾಕಿ ಕೊಟ್ಟ ಗಂಟು ಬಿಚ್ಚಿದವನು ಬಾಯಿತಪ್ಪಿ ಕೂಗಿಯೇಬಿಟ್ಟ: "ನೀಲಮ್ಮನವರಿಂದ... ಒಂದು ಮುರಿದ ನಳ!"

ಕಾಕಿ ಮೈಕಿಗೆ ಬಗ್ಗಿದಳು. "ಸಾವ್ಕಾರ್ರ ಅಂಗಡೀದ ಅದರಿ. ಅವರ ಮನ್ಯಾಗ ಮಾತ್ರ ಶಹಾಪುರದಾವು ಹಾಕ್ಯಾರ. ಬಾಳಿಕಿ ಬರ್ತಾವಂತ್ರಿ, ಅವರ ಮನಿಯವ್ರೇ ಹೇಳ್ಯಾರ."

ಪಂಕ್ತಿಯ ಕೊನೆಯವರೆಗೂ ನಗು ಹರಿಯಿತು. ಸಾಹುಕಾರ ಮುಂದಿನ ಹೆಸರು ಕೂಗಲು ಕೈಸನ್ನೆ ಮಾಡಿದ. ಮರಳುವಾಗ ನಾನು, "ಸಾಕಲ್ಲ ಕಾಕಿ?" ಎಂದೆ.

"ಮಂದಿ ನಕ್ಕಾರ, ಖರೆ. ಅವ ಇನ್ನೂ ಹೇಳಿಲ್ಲಲ್ಲ."

ಆ ಮಾತು ಹೇಳಿಸದೆಯೇ ಕಾಕಿ ತೀರಿಹೋದಳು, ಕಳೆದ ಬೇಸಿಗೆಯಲ್ಲಿ. ಅವಳಿಗೆ ವಿಭೂತಿ ಹಚ್ಚಿ, ನಮ್ಮ ಪದ್ಧತಿಯಂತೆ ಪಡಸಾಲೆಯಲ್ಲಿ ಕೂಡಿಸಿದ್ದೆವು. ಎದುರಿಗೆ ಭಜನೆ ನಡೆದಿತ್ತು. ಸಾಹುಕಾರ ಹಾರ ಹಾಕಿ, ನನ್ನ ಬಳಿ ಬಂದು ಕಿವಿಯಲ್ಲಿ ಅಂದ: "ಆ ನಳ ಖೊಟ್ಟಿನ ಇತ್ತು ತಂಗಿ. ಅಕಿ ಕೈದೇನೂ ತಪ್ಪಿರಲಿಲ್ಲ."

ಅತ್ತು ಬತ್ತಿದ್ದ ನನ್ನ ಕಣ್ಣು ಉರಿಯಿತು.

"ಸಣ್ಣಗ ಹೇಳಬ್ಯಾಡ್ರಿ ಸಾವ್ಕಾರ್ರ. ಅವತ್ತ ನೀವಂದಿದ್ದು ಇಡೀ ಪಂಕ್ತಿಗಿ ಕೇಳಿತ್ತು."

ಭಜನೆಯವರತ್ತ ಕೈ ಎತ್ತಿದೆ. ತಾಳಗಳು ನಿಂತವು. ಮೂಲೆಯಲ್ಲಿ ಕೂತಿದ್ದ ಬೀಗಿತಿ ಸೆರಗು ಸರಿಸಿ ಕತ್ತೆತ್ತಿದಳು. ಕಾಕಿಯ ಮುಂದೆ ಕೂತ ಅಷ್ಟೂ ಜನ ಅವನ ಬಾಯಿಯನ್ನೇ ನೋಡುತ್ತಿದ್ದರು.