ಎಂಜಿನ್‌ಗೆ ಸುರಿದ ಕಾಸ್ಟಿಕ್ ನೀರು

ನನ್ನ ಮಗಳ ಕಾರಿನ ಎಂಜಿನ್ ಕೆಡಿಸಿದವನು ಅಳಿಯ ಎಂದು ನಮ್ಮ ಬೀದಿಯವರು ಇವತ್ತಿಗೂ ನಂಬಿದ್ದಾರೆ. ಕೆಡಿಸಿದವನು ನಾನು. ಬಾಯಲ್ಲಿ ಹೇಳಿ ನೋಡಿದೆ, ಯಾರೂ ನಂಬಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಶಿಡ್ಲಘಟ್ಟ. ಎಸ್ಸೆಸ್ಸೆಲ್ಸಿ ಮುಗಿಸಿ ಅಪ್ಪನ ರೇಷ್ಮೆ ನೂಲು ಬಿಚ್ಚುವ ಶೆಡ್ಡಿನಲ್ಲಿ ಕೂತವನು, ಶೆಡ್ಡು ಮುಚ್ಚುವ ತನಕ ಅಲ್ಲಿಂದ ಏಳಲಿಲ್ಲ. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ ಬೇಯಿಸಿ ಬಾನಿಗಳಿಗೆ ಅಂಟು ಕಟ್ಟುತ್ತಿತ್ತು. ಆ ಕರಿಯ ಕಿಟ್ಟ ನಾರಿಗೂ ಬಗ್ಗುತ್ತಿರಲಿಲ್ಲ, ಮರಳಿಗೂ ಬಗ್ಗುತ್ತಿರಲಿಲ್ಲ. ಬಿಸಿನೀರಿಗೆ ಕಾಸ್ಟಿಕ್ ಸೋಡಾ ಕದಡಿ ಸುರಿದರೆ ಮಾತ್ರ ಬುಸುಬುಸು ಬಿಟ್ಟುಕೊಳ್ಳುತ್ತಿತ್ತು. ನಮ್ಮ ಬಾನಿಗಳು ತಾಮ್ರದವು, ಅವಕ್ಕೆ ಏನೂ ಆಗುತ್ತಿರಲಿಲ್ಲ. ಎಂಥ ಕಿಟ್ಟವಾದರೂ ನನ್ನ ಕೈಗೆ ಬಂದರೆ ಹೋಗುತ್ತದೆ ಎಂಬ ಜಂಬ ನನ್ನಲ್ಲಿ ಬೆಳೆದದ್ದು ಹೀಗೆ. ಶೆಡ್ಡು ಮುಚ್ಚಿದ ಮೇಲೂ ಸೋಡಾದ ಒಂದು ಡಬ್ಬ ಬಚ್ಚಲಿನ ಅಟ್ಟದ ಮೇಲೆ ಉಳಿಯಿತು. ಜಂಬವೂ ಉಳಿಯಿತು.

ನನಗೆ ಒಬ್ಬಳೇ ಮಗಳು. ಮದುವೆ ಹೆಣ್ಣುಗಳಿಗೆ ಮೇಕಪ್ಪು ಮಾಡುವುದು ಅವಳ ಕೆಲಸ. ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಎಲ್ಲಿ ಛತ್ರವಿದ್ದರೆ ಅಲ್ಲಿಗೆ ಹೋಗುತ್ತಾಳೆ. ಅದಕ್ಕೆಂದೇ ತನ್ನ ದುಡಿಮೆಯಲ್ಲಿ ಒಂದು ಹಳೆಯ ಕಾರು ಕೊಂಡಿದ್ದಳು. ಅಳಿಯ ಕೈವಾರದ ಹುಡುಗ, ಹನಿ ನೀರಾವರಿ ಪೈಪು ಮಾರುವ ಅಂಗಡಿಯಲ್ಲಿ ಕೆಲಸ. ಮಗಳನ್ನು ಕಳಿಸಲಾರೆ, ಹುಡುಗನೇ ನಮ್ಮ ಮನೆಗೆ ಬರಲಿ ಎಂದು ಮದುವೆಯ ಮಾತುಕತೆಯಲ್ಲಿ ಪಟ್ಟು ಹಿಡಿದವನು ನಾನೇ. ಬಂದ ಮೇಲೆ ಅದೇ ಮಾತಿನಿಂದ ಅವನನ್ನು ಚುಚ್ಚಿದವನೂ ನಾನೇ. ಯಾರಾದರೂ ಬಂದರೆ "ಇವರು ನಮ್ಮ ಮನೆ ಅಳಿಯಂದಿರು" ಎಂದು 'ಮನೆ' ಎಂಬುದನ್ನು ಒತ್ತಿ ಹೇಳುತ್ತಿದ್ದೆ. ಅವನು ತಲೆ ತಗ್ಗಿಸಿ ಮೊಬೈಲು ನೋಡುತ್ತಿದ್ದ. ಅದು ನನಗೆ ಸಂತೋಷ ಕೊಡುತ್ತಿತ್ತು. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆಗ ಆಗುತ್ತಿರಲಿಲ್ಲ.

ಹೋದ ವರ್ಷ ಕಾರು ಬೆಳಗಿನ ಹೊತ್ತು ಸ್ಟಾರ್ಟ್ ಮಾಡಿದರೆ ಚಳಿ ಬಂದವರಂತೆ ನಡುಗತೊಡಗಿತು. ಏರಿನಲ್ಲಿ ಎಳೆಯುತ್ತಿರಲಿಲ್ಲ. ಗ್ಯಾರೇಜಿನವನು ನೋಡಿ, ಗಾಳಿ ಒಳಗೆ ಹೋಗುವ ವಾಲ್ವುಗಳಿಗೆ ಕಾರ್ಬನ್ ಕಟ್ಟಿದೆ, ಬಿಚ್ಚಿ ತೆಗೆಯಬೇಕು, ವಾರ ಬಿಡಬೇಕಾಗುತ್ತದೆ ಎಂದ. ಮದುವೆಗಳ ಕಾಲ. ವಾರವಿಡೀ ಕಾರಿಲ್ಲದೆ ಅವಳಿಗೆ ನಡೆಯುವಂತಿರಲಿಲ್ಲ.

ಊಟಕ್ಕೆ ಕೂತಾಗ ಗಂಡನನ್ನು ಕೇಳಿದಳು. "ಏನ್ರೀ, ನೀವೇ ಮಾಡಕ್ಕಾಗಲ್ವಾ?"

"ಆಗತ್ತೆ. ಒಂದು ಭಾನುವಾರ ಪೂರ್ತಿ ಬೇಕು. ವಿಡಿಯೋ ನೋಡಿದ್ದೀನಿ, ನಿಧಾನಕ್ಕೆ ಮಾಡಿದ್ರೆ ಕಷ್ಟ ಏನಿಲ್ಲ."

"ವಿಡಿಯೋ ನೋಡ್ಕೊಂಡು ನಾಳೆ ಹೆರಿಗೆನೂ ಮಾಡಿಸ್ತೀಯೇನಪ್ಪಾ?" ಎಂದೆ.

ನನ್ನ ಹೆಂಡತಿ ನಕ್ಕಳು. ಮಗಳು ನಗಲಿಲ್ಲ. ಅವನ ತಟ್ಟೆಗೆ ಇನ್ನೊಂದು ಮುದ್ದೆ ಬಡಿಸಿದಳು. ಮನೆಯಲ್ಲಿ ಏನು ಕೆಟ್ಟರೂ ಅವಳು ಮೊದಲು ಕರೆಯುತ್ತಿದ್ದದ್ದು ನನ್ನನ್ನು. ಅವತ್ತು ಅವಳು ನನ್ನ ಕಡೆ ತಿರುಗಿಯೂ ನೋಡಿರಲಿಲ್ಲ.

ಭಾನುವಾರ ಅಂಗಳದಲ್ಲಿ ಬಾನೆಟ್ ಎತ್ತಿದ. ಬಿಚ್ಚಿದ ಒಂದೊಂದು ನಟ್ಟನ್ನೂ ಮೊಟ್ಟೆಯ ಖಾಲಿ ಟ್ರೇಯಲ್ಲಿ ಇಟ್ಟ. ಗಾಳಿ ಹೋಗುವ ಕೊಳವೆಗಳ ಜೋಡಣೆಯನ್ನು ಎತ್ತಿ ಪಕ್ಕಕ್ಕಿಟ್ಟಾಗ ಒಳಗೆ ಸಿಲಿಂಡರಿಗೊಂದರಂತೆ ಸಾಲಾಗಿ ಗೂಡಿನಂಥ ತೂತುಗಳು ಕಂಡವು. ನಾನು ಟಾರ್ಚು ಹಿಡಿದಿದ್ದೆ. ಪ್ರತಿ ಗೂಡಿನ ತಳದಲ್ಲಿ ವಾಲ್ವುಗಳಿದ್ದವು, ಅವುಗಳ ಮೈಮೇಲೆ ಸೀದ ಅವರೇಕಾಳಿನ ಸಾರು ತಳ ಹಿಡಿದಂತೆ ಕರಿಯ ಕಿಟ್ಟ. ಈ ಥರದ ಎಂಜಿನ್ನಿನಲ್ಲಿ ಪೆಟ್ರೋಲು ನೇರವಾಗಿ ಸಿಲಿಂಡರಿಗೆ ಹೋಗುವುದರಿಂದ ವಾಲ್ವುಗಳನ್ನು ತೊಳೆಯಲು ಏನೂ ಇಲ್ಲ, ಎಣ್ಣೆಯ ಹಬೆ ಕೂತು ಕೂತು ಸುಟ್ಟು ಗಟ್ಟಿಯಾಗುತ್ತದೆ ಎಂದು ಅವನು ವಿವರಿಸಿದ. ನಾನು ಕೇಳಿಸಿಕೊಳ್ಳದವನಂತೆ ನಿಂತಿದ್ದೆ.

"ಮಾವ, ಟಾರ್ಚ್ ಸ್ವಲ್ಪ ಈ ಕಡೆ."

ಬೇಕೆಂದೇ ನಿಧಾನವಾಗಿ ತಿರುಗಿಸುತ್ತಿದ್ದೆ.

ಒಂದು ಗೂಡಿಗೆ ಸ್ಪ್ರೇ ಹೊಡೆದು, ನೆನೆಯಲು ಬಿಟ್ಟು, ಬಿದಿರಿನ ಕಡ್ಡಿಯಿಂದ ಕೆರೆದು, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಕರಿ ನೀರನ್ನು ಸಿರಿಂಜಿನಿಂದ ಎಳೆದು ತೆಗೆದ. ಅರ್ಧ ದಿನ ಹೋಯಿತು, ಮುಗಿದದ್ದು ಒಂದೇ ಗೂಡು. ಆಮೇಲೆ ಕೊಳವೆಗಳ ಕೆಳಗೆ ಕೂರುವ ಗ್ಯಾಸ್ಕೆಟ್ ಪಟ್ಟಿ ಹರಿದಿರುವುದು ಕಂಡಿತು. ಹೊಸದು ತರಲು ಚಿಕ್ಕಬಳ್ಳಾಪುರಕ್ಕೆ ಹೋಗಬೇಕಿತ್ತು. ಎಲ್ಲ ಗೂಡುಗಳಿಗೂ ಬಟ್ಟೆ ತುರುಕಿ, ಬೈಕು ಹತ್ತುವ ಮುಂಚೆ ಹೇಳಿದ:

"ಮಾವ, ಇದರ ವಾಲ್ವು ಮುಚ್ಚಿವೆ, ಅದಕ್ಕೆ ನೀರು ನಿಲ್ಲತ್ತೆ. ಆ ಪಕ್ಕದ್ದರದು ತೆರೆದಿವೆ. ಏನಾದ್ರೂ ಬಿದ್ರೆ ಸೀದಾ ಪಿಸ್ಟನ್ ಮೇಲೆ. ನಾನ್ ಬಂದು ಎಂಜಿನ್ ತಿರುಗಿಸಿ ಅವನ್ನೂ ಮುಚ್ಚಿದ ಮೇಲೆ ಮಾಡಣ. ಮುಟ್ಬೇಡಿ."

ನನ್ನ ಅಂಗಳದಲ್ಲಿ ನಿಂತು ನನಗೆ ಮುಟ್ಟಬೇಡಿ ಎಂದ. ಅವನ ದನಿಯಲ್ಲಿ ಅಹಂಕಾರವಿರಲಿಲ್ಲ, ಎಚ್ಚರಿಕೆ ಇತ್ತು ಅಷ್ಟೆ. ಅದು ನನಗೆ ಆಗಲೇ ಗೊತ್ತಿತ್ತು.

ಬೈಕಿನ ಸದ್ದು ಬೀದಿ ದಾಟುವುದನ್ನೇ ಕಾದು ಅಟ್ಟದಿಂದ ಡಬ್ಬ ಇಳಿಸಿದೆ. ಬಚ್ಚಲ ಹಂಡೆಯ ಬಿಸಿನೀರನ್ನು ಪ್ಲಾಸ್ಟಿಕ್ ಮಗ್ಗಿಗೆ ತೋಡಿಕೊಂಡು ಸೋಡಾ ಕದಡಿದೆ. ಬಟ್ಟೆ ತೆಗೆದು ಗೂಡುಗಳಿಗೆ ಸುರಿದೆ. ತೆರೆದಿದ್ದುದಕ್ಕೂ ಸುರಿದೆ. ನೊರೆ ಉಕ್ಕಿ ಬಂತು, ಬೂದುಬಣ್ಣದ ನೊರೆ. ನೋಡು, ಹೇಗೆ ಬಿಡುತ್ತಿದೆ ಎಂದು ಒಬ್ಬನೇ ಹಿಗ್ಗಿದೆ. ಅದು ಕಿಟ್ಟ ಬಿಡುವ ನೊರೆ ಮಾತ್ರವಲ್ಲ, ಅಲ್ಯೂಮಿನಿಯಂ ಕರಗುವ ನೊರೆ ಎಂದು ಹೊಳೆಯಲಿಲ್ಲ. ಹೊಳೆಯಬೇಕಿತ್ತು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಅದೇ ಸೋಡಾದಲ್ಲಿ ಅಲ್ಯೂಮಿನಿಯಂ ಪಾತ್ರೆ ನೆನೆಹಾಕಿ ತೂತು ಮಾಡಿದ್ದಳು. ಅಷ್ಟೂ ತಿಳಿಯುವುದಿಲ್ಲವೇ ಎಂದು ಬಂದ ನೆಂಟರ ಮುಂದೆಲ್ಲ ಅವಳನ್ನು ಆಡಿಕೊಂಡವನು ನಾನು. ಎಂಜಿನ್ ಎಂದರೆ ಕಬ್ಬಿಣ ಎಂಬುದು ನನ್ನ ತಲೆಯಲ್ಲಿದ್ದದ್ದು.

ಬಟ್ಟೆಯಿಂದ ಒರೆಸಿದೆ. ಒಳಗೆ ಇಳಿದದ್ದು ಇಳಿದೇ ಹೋಗಿತ್ತು. ಬಟ್ಟೆಗಳನ್ನು ಮತ್ತೆ ತುರುಕಿ, ಮಗ್ಗು ತೊಳೆದಿಟ್ಟು, ಜಗಲಿಯ ಮೇಲೆ ಕೂತೆ. ಅವನು ಬಂದು ನೋಡಲಿ, ಕೆಲಸ ಮುಗಿದಿರುವುದಕ್ಕೆ ಬೆರಗಾಗಲಿ, ರಾತ್ರಿ ಊಟದ ಹೊತ್ತಿಗೆ ಮಗಳ ಮುಂದೆ ಹೇಳೋಣ ಎಂದು ಲೆಕ್ಕ ಹಾಕಿದ್ದೆ.

ಅಳಿಯ ಬಂದು ಒಂದು ಬಟ್ಟೆ ಎಳೆದ. ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿದ. ನನ್ನ ಮುಖ ನೋಡಿದ.

"ಏನಾದ್ರೂ ಹಾಕಿದ್ರಾ ಮಾವ?"

"ನಾನ್ಯಾಕೆ ಹಾಕ್ಲಿ? ಮುಟ್ಬೇಡಿ ಅಂದಿದ್ದೀಯಲ್ಲ."

ಆಗ ಹೌದು ಎಂದಿದ್ದರೆ ಅವನು ಒಳಗೆಲ್ಲ ತೊಳೆದು, ಎಣ್ಣೆ ಬದಲಿಸಿ, ಎಂಜಿನ್ ಉಳಿಸುತ್ತಿದ್ದನೇನೋ. ಇಲ್ಲ ಎಂದೆ. ಅವನು ಇನ್ನೊಂದು ಮಾತು ಕೇಳದೆ ಸಂಜೆಯವರೆಗೆ, ಆಗಲೇ ಸಡಿಲವಾಗಿದ್ದ ಉಳಿದ ಕಿಟ್ಟವನ್ನು ತಿಕ್ಕಿ, ಜೋಡಿಸಿ, ಸ್ಟಾರ್ಟ್ ಮಾಡಿದ. ಒಂದಿಷ್ಟು ಬಿಳಿ ಹೊಗೆ ಬಂತು, ಆಮೇಲೆ ನಡುಕ ನಿಂತಿತು. ಮಗಳು ಒಂದು ಸುತ್ತು ಹೋಗಿ ಬಂದು "ಬೆಣ್ಣೆ ಥರ ಓಡ್ತಿದೆ ಕಣ್ರೀ" ಎಂದಳು. ಗಂಡನಿಗೆ ಹೇಳಿದಳು. ನನ್ನ ಗುಟ್ಟು ಗಂಟಲಲ್ಲೇ ಉಳಿಯಿತು. ಈಗ ಹೇಳಿದರೆ ಇಲ್ಲ ಎಂದದ್ದು ಸುಳ್ಳಾಗುತ್ತದೆ, ಇನ್ನೊಂದು ದಿನ ಹೇಳೋಣ ಎಂದುಕೊಂಡೆ.

ಆ ಇನ್ನೊಂದು ದಿನ ಬರುವ ಮೊದಲೇ ಕಾರು ನಿಂತಿತು. ಗೌರಿಬಿದನೂರಿನಲ್ಲಿ ಸಂಜೆ ಆರತಕ್ಷತೆ, ಮಗಳು ಮಧ್ಯಾಹ್ನವೇ ಒಬ್ಬಳೇ ಹೊರಟಿದ್ದಳು. ಮಂಚೇನಹಳ್ಳಿ ದಾಟುವುದರೊಳಗೆ ಎಂಜಿನ್ ಕೆಮ್ಮಿ ಹೊಗೆ ಕಾರಿ ಸುಮ್ಮನಾಯಿತು. ಟೊಮೆಟೊ ಕ್ರೇಟು ಹೊತ್ತ ಗಾಡಿಯೊಂದನ್ನು ಕೈ ಅಡ್ಡ ಹಾಕಿ ನಿಲ್ಲಿಸಿ, ಮೇಕಪ್ಪಿನ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಛತ್ರ ಸೇರಿದಾಗ ಹೆಣ್ಣು ಆಗಲೇ ವೇದಿಕೆಯ ಮೇಲಿದ್ದಳು. ಹೆಣ್ಣಿನ ಚಿಕ್ಕಮ್ಮನ ಮಗಳು ಯಾರೋ ಅವಸರದಲ್ಲಿ ಪೌಡರು ಬಳಿದು ಕೂರಿಸಿದ್ದಳು. ಹೆಣ್ಣಿನ ತಾಯಿ ನೂರು ಜನರ ಮುಂದೆ ನನ್ನ ಮಗಳನ್ನು ಒಳಗೆ ಬರಬೇಡ ಎಂದರು.

ಮನೆಗೆ ಬಂದವಳು ಜಗಲಿಯ ಮೇಲೇ ಕುಸಿದು ಕೂತಳು. ಅಕ್ಕಪಕ್ಕದವರು ಬಂದು ನಿಂತರು. ಎದುರುಮನೆಯ ಭಾಯ್ ಕೂಡ ಬಂದರು. ಅವರೂ ನನ್ನ ಹಾಗೆ ನೂಲು ಬಿಚ್ಚಿದವರು, ನನ್ನ ಹಳೆಯ ಜೊತೆಗಾರ.

"ನಿಮ್ಮನ್ನ ನಂಬಿದ್ದೇ ತಪ್ಪಾಯ್ತು ಕಣ್ರೀ" ಎಂದು ಗಂಡನಿಗೆ ಹೇಳಿ ಅತ್ತಳು.

"ನಾನು ಸರಿಯಾಗೇ ಮಾಡಿದ್ದೆ" ಎಂದ ಅಳಿಯ. ಹೇಳಿ ನನ್ನ ಕಡೆ ನೋಡಿದ. ಬೈಯುವ ನೋಟವಲ್ಲ ಅದು, ನಾನೇ ಹೇಳಲಿ ಎಂದು ದಾರಿ ಬಿಟ್ಟುಕೊಟ್ಟ ನೋಟ.

ನಾನು ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದೆ: "ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಬಾರದಪ್ಪ. ಮಾವನ ಮನೆ ಅನ್ನ ತಿಂತೀವಿ ಅಂತ ಮಾವನ ಮನೆ ಸಾಮಾನೆಲ್ಲ ಬಿಚ್ಚಬಾರದು."

ಕಾರು ನನ್ನದಲ್ಲ. ಆ ಮನೆಯ ಅನ್ನಕ್ಕೆ ಅವನೂ ದುಡಿಯುತ್ತಿದ್ದ. ಆದರೂ ಅಂದೆ. ಅವನು ಒಳಗೆ ಹೋಗಿ ಬ್ಯಾಗು ತಂದು ಚಪ್ಪಲಿ ಮೆಟ್ಟಿ ಹೊರಟ. ಕೈವಾರದಲ್ಲಿ ಅವನ ತಾಯಿ ಇದ್ದರು.

ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿದ ದಿನ ನಾನೂ ಹೋದೆ. ಪಿಸ್ಟನ್ನುಗಳನ್ನು ಗೋಣಿಚೀಲದ ಮೇಲೆ ಸಾಲಾಗಿ ಇಟ್ಟಿದ್ದರು. ಒಂದರ ಮೈ ಮಾತ್ರ ಸಿಡುಬು ಬಂದ ಮುಖದಂತೆ ಕುಳಿಬಿದ್ದು, ಅಂಚಿನಲ್ಲಿ ಬಿಳಿ ಪೊರೆ ಕಟ್ಟಿತ್ತು. "ಏನಾಗಿದೆಯೋ ಗೊತ್ತಾಗ್ತಿಲ್ಲ. ಬಿಚ್ಚಿದೋರು ಏನೋ ಎಡವಟ್ಟು ಮಾಡಿದ್ದಾರೆ" ಎಂದ ಗ್ಯಾರೇಜಿನವನು. ನನಗೆ ಗೊತ್ತಾಯಿತು. ಹೆಂಡತಿಯ ಆ ಪಾತ್ರೆಯ ತಳ ಹೀಗೇ ಇತ್ತು. ಅಲ್ಲಿ ನಿಂತವರಲ್ಲಿ ಗೊತ್ತಿದ್ದವನು ನಾನೊಬ್ಬನೇ, ಹೇಳದಿದ್ದರೂ ನಡೆಯುತ್ತಿತ್ತು. ಕೆಲವು ದಿನ ಹಾಗೆಯೇ ನಡೆಸಿದೆ.

ಒಂದು ಬೆಳಗ್ಗೆ ಮಗಳು ಯಾರದೋ ಧಾರೆ ಸೀರೆಗೆ ನೆರಿಗೆ ಕೂರಿಸಿ ಪಿನ್ನು ಚುಚ್ಚುತ್ತಿದ್ದಳು. ಊಟ ಬಿಟ್ಟು ಸೊರಗಿದ್ದಳು. ಗಂಡನಿಗೆ ಫೋನು ಮಾಡಲು ಅವಳಿಗೆ ಬಿಗುಮಾನ, ಅವನಿಗೆ ಬರಲು ಅವಮಾನ. ಅವಳ ಎದುರು ಕೂತು ಹೇಳಿದೆ. ಪಿನ್ನು ಕೈಯಲ್ಲೇ ನಿಂತಿತು.

"ನನ್ ಹತ್ರ ಯಾಕಪ್ಪ ಹೇಳ್ತೀಯಾ? ನೀನು ಅಂದಿದ್ದು ಅವರನ್ನ. ಕೈವಾರಕ್ಕೆ ಹೋಗು."

ಬಸ್ಸು ಹಿಡಿದು ಹೋದೆ. ಅಳಿಯ ಮನೆಯ ಮುಂದೆ ದನದ ಗೋದಲಿ ತೊಳೆಯುತ್ತಿದ್ದ. ಕೂತ್ಕೊಳ್ಳಿ ಎಂದ, ನೀರು ಕೊಟ್ಟ. ಹೇಳಿ ಮುಗಿಸುವವರೆಗೆ ಕೇಳಿದ.

"ಗೊತ್ತಿತ್ತು ಮಾವ. ಬಟ್ಟೆ ತೆಗೆದಾಗ ಕೈಯೆಲ್ಲ ಸೋಪು ಹಚ್ಚಿದಂಗೆ ಜಾರ್ತಿತ್ತು. ಏನೂಂತ ಅವತ್ತು ಹೊಳೀಲಿಲ್ಲ, ಗಾಡಿ ನಿಂತ ಮೇಲೆ ಹೊಳೀತು."

"ಮತ್ತೆ ಯಾಕಪ್ಪ ಹೇಳ್ಲಿಲ್ಲ?"

"ಮನೆ ಅಳಿಯ ಮಾವನ ಮೇಲೆ ಹಾಕಿದ್ರೆ ಯಾರು ನಂಬ್ತಾರೆ?" ಎಂದು ಗೋದಲಿಗೆ ಇನ್ನೊಂದು ಬಕೆಟ್ಟು ನೀರು ಸುರಿದ. "ನನಗೆ ಹೇಳಿ ಏನುಪಯೋಗ. ನೀವು ಅಂದಿದ್ದು ಜಗಲಿ ಮೇಲೆ. ಅಲ್ಲೇ ಹೇಳಿ."

ಹೇಳಿದೆ. ಬೀದಿಯವರನ್ನು ಕಾಫಿಗೆ ಕರೆದು, ಅದೇ ಜಗಲಿಯ ಮೇಲೆ ನಿಂತು, ಸೋಡಾ ಸುರಿದವನು ನಾನು, ಸುಳ್ಳು ಹೇಳಿದವನು ನಾನು ಎಂದೆ. ಎದುರುಮನೆಯ ಭಾಯ್ ಎದ್ದು ಬಂದು ನನ್ನ ಹೆಗಲು ತಟ್ಟಿದರು.

"ದೊಡ್ ಮನಸು ಗೌಡ್ರೇ ನಿಮ್ದು. ಅಳಿಯ ವಾಪಸ್ ಬರ್ಲಿ ಅಂತ ತಪ್ಪು ಮೈಮೇಲೆ ಹಾಕ್ಕೊಂಡ್ರಿ. ನಮ್ ಮಾವ ಹಿಂಗಿರ್ಲಿಲ್ಲ ನೋಡಿ!"

ಎಲ್ಲರೂ ನಕ್ಕರು, ತಲೆಯಾಡಿಸಿದರು. ಅಲ್ಲ ಭಾಯ್, ನಿಜ ಎಂದೆ. "ಆಯ್ತಾಯ್ತು, ನಿಜಾನೇ ಅನ್ಕೊಳಣ" ಎಂದರು. ನನಗೆ ತಡೆಯಲಾಗಲಿಲ್ಲ. ಅಡುಗೆಮನೆಯಿಂದ ಅಲ್ಯೂಮಿನಿಯಂ ಮುಚ್ಚಳ ತಂದು, ಅವರ ಕಣ್ಣೆದುರೇ ಸೋಡಾ ಕದಡಿ ಸುರಿದೆ. ನೊರೆ ಎದ್ದಿತು. ಮುಚ್ಚಳ ಕಪ್ಪಾಗಿ ಕುಳಿಬಿತ್ತು.

"ಅಯ್ಯೋ, ಒಳ್ಳೇ ಮುಚ್ಚಳ ಹಾಳ್ ಮಾಡ್ಬಿಟ್ಟೆಯಲ್ಲಪ್ಪ" ಎಂದಳು ಪಕ್ಕದ ಮನೆಯ ಮುದುಕಿ. ಅಷ್ಟೇ. ಕಾಫಿ ಕುಡಿದು ಹೋದರು. ಅವತ್ತಿನಿಂದ ಬೀದಿಯಲ್ಲಿ ನನ್ನ ಮರ್ಯಾದೆ ಹೆಚ್ಚಿತು. ಅಳಿಯನದು ಎಲ್ಲಿತ್ತೋ ಅಲ್ಲೇ ಉಳಿಯಿತು. ಇಷ್ಟು ವರ್ಷ ನಾನು ಆಡಿದ್ದನ್ನೆಲ್ಲ ನಂಬಿದ ಜನ, ಈ ಒಂದು ನಿಜವನ್ನು ಮಾತ್ರ ನಂಬಲಿಲ್ಲ.

ಅಳಿಯ ವಾಪಸು ಬಂದ. ನನ್ನ ಮಾತಿಗಲ್ಲ, ಮಗಳೇ ಹೋಗಿ ಕರೆದುಕೊಂಡು ಬಂದಳು. ಎಂಜಿನ್ನಿಗೆ ಹೊಸ ಪಿಸ್ಟನ್ನು ಬಂತು. ಗೌರಿಬಿದನೂರಿನ ಕಡೆಯಿಂದ ಮಾತ್ರ ಅವಳಿಗೆ ಆಮೇಲೆ ಯಾರೂ ಕರೆ ಕಳಿಸಿಲ್ಲ. ನಾನು ಈಗ 'ಮನೆ ಅಳಿಯ' ಎನ್ನುವುದಿಲ್ಲ, ಆದರೆ ಬೀದಿಯವರು ಅನ್ನುತ್ತಾರೆ, ನನ್ನಿಂದಲೇ ಕಲಿತದ್ದು.

ಮೊನ್ನೆ ಭಾನುವಾರ ಅಳಿಯ ಮತ್ತೆ ಬಾನೆಟ್ ಎತ್ತಿ, ಕೊಳವೆಗಳನ್ನು ಬಿಚ್ಚಿದ. ಕಿಟ್ಟ ಮತ್ತೆ ಕಟ್ಟತೊಡಗಿದೆಯೋ ನೋಡಬೇಕಂತೆ. ನಾನು ಒಳಗಿನಿಂದ ಟಾರ್ಚು ತಂದು ಹತ್ತಿರ ಹೋದೆ. ಅವನು ಮುಖ ಮುರಿಯಲಿಲ್ಲ, "ಬನ್ನಿ ಮಾವ" ಎಂದ. ಬಾನೆಟ್ಟಿನ ಕೊಕ್ಕೆಗೆ ಹುರಿ ಕಟ್ಟಿ, ಅದರಲ್ಲಿ ತನ್ನದೇ ಒಂದು ಟಾರ್ಚನ್ನು ಆಗಲೇ ತೂಗುಹಾಕಿದ್ದ. ಬೆಳಕು ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತಿತ್ತು. ಅವನು ಕಡ್ಡಿ ಹಿಡಿದು ಕೆರೆಯುತ್ತಿದ್ದ. ನಾನು ನನ್ನ ಟಾರ್ಚು ಹತ್ತಿಸದೆ ಕೈಯಲ್ಲಿ ಹಿಡಿದುಕೊಂಡು, ಅವನು ಕೆಲಸ ಮುಗಿಸುವವರೆಗೂ ನಿಂತಿದ್ದೆ.