ಪೂರ್ವದ ರಿಂಗಿನ ಬಲಗಡೆ

ಗಂಟೆ ಇನ್ನೂ ಆರಾಗಿಲ್ಲ. ತುಂಗೆಯ ಕಡೆಯಿಂದ ಎದ್ದ ಮಂಜು ಶಿವಮೊಗ್ಗದ ಕಾಲೇಜೊಂದರ ಹಿಂದಿನ ಮೈದಾನದಲ್ಲಿ ಮೊಣಕಾಲೆತ್ತರಕ್ಕೆ ನಿಂತಿದೆ. ಮೂಲೆಯಲ್ಲಿ ಕಲ್ಲಿನ ರೋಲರು, ಅದರ ಪಕ್ಕದಲ್ಲಿ ನೀರಿನ ಕೊಡ. ಚೌಡಯ್ಯ ಎರಡನ್ನೂ ಮುಟ್ಟುತ್ತಿಲ್ಲ. ಬ್ಯಾಸ್ಕೆಟ್‌ಬಾಲ್ ಅಂಕಣದ ಕೆಮ್ಮಣ್ಣಿನ ಮೇಲೆ ಎಡಗಾಲನ್ನು ಸ್ವಲ್ಪ ಎಳೆಯುತ್ತ, ಬಗ್ಗಿ ಬಗ್ಗಿ ನೋಡುತ್ತ ನಡೆಯುತ್ತಿದ್ದಾರೆ. ಹೊಸಬರು ಕಂಡರೆ ಪಾಪ, ಏನೋ ಕಳೆದುಕೊಂಡಿದ್ದಾನೆ ಎಂದುಕೊಳ್ಳಬೇಕು. ಅವರು ನೋಡುತ್ತಿರುವುದು ಹಿಂದಿನ ಸಂಜೆ ಆಡಿದ ಹುಡುಗರ ಹೆಜ್ಜೆ ಗುರುತುಗಳನ್ನು.

"ಎಗರೋ ಜಾಗದಲ್ಲಿ ಹಿಮ್ಮಡಿ ಗುರುತು ಇರಲ್ಲ, ಮುಂಗಾಲಷ್ಟೇ ಒತ್ತಿರುತ್ತೆ. ಅಲ್ಲಿಂದ್ಲೇ ಚೆಂಡು ಎಸೆದಿರ್ತಾರೆ. ರೋಲರ್ ಎಳೆದ್ಬಿಟ್ರೆ ಎಲ್ಲಾ ಅಳಿಸಿ ಹೋಗುತ್ತೆ. ಅದಕ್ಕೇ ಮೊದ್ಲು ಇದನ್ನ ನೋಡ್ಕೊಂಡ್ಬಿಡ್ತೀನಿ" ಎನ್ನುತ್ತಾರೆ.

ನಲವತ್ತಾರರ ಚೌಡಯ್ಯ ಈ ಮೈದಾನದ ಕೆಲಸಗಾರ. ದಿನಕ್ಕೆ ಇಪ್ಪತ್ತೆಂಟು ಕೊಡ ನೀರು ಚಿಮುಕಿಸಬೇಕು, ರೋಲರನ್ನು ಉದ್ದಕ್ಕೂ ಅಡ್ಡಕ್ಕೂ ನಲವತ್ತು ಸಲ ಎಳೆಯಬೇಕು, ಸುಣ್ಣದಲ್ಲಿ ಗೆರೆ ಹಾಕಬೇಕು. ಕಾಲೇಜು ಅವರಿಂದ ಕೇಳುವುದು ಇಷ್ಟೇ. ಯಾರೂ ಕೇಳದ ಇನ್ನೊಂದು ಕೆಲಸವನ್ನು ಹನ್ನೆರಡು ವರ್ಷದಿಂದ ತಾವಾಗಿಯೇ ಮೈಮೇಲೆ ಹಾಕಿಕೊಂಡಿದ್ದಾರೆ. ಇಲ್ಲಿ ನಡೆಯುವ ಪ್ರತಿ ಪಂದ್ಯದಲ್ಲೂ ಯಾರು, ಎಲ್ಲಿ ನಿಂತು, ಯಾವ ರಿಂಗಿಗೆ ಚೆಂಡೆಸೆದರು, ಅದು ಬಿತ್ತೋ ಇಲ್ಲವೋ ಎಂಬುದನ್ನು ಬರೆದಿಡುತ್ತಾರೆ. ಹಳೆಯ ಹಾಜರಿ ಪುಸ್ತಕಗಳ ಖಾಲಿ ಹಾಳೆಗಳಲ್ಲಿ ಅಂಕಣದ ನಕ್ಷೆ ಇದೆ. ಬಿದ್ದದ್ದಕ್ಕೆ ಚುಕ್ಕೆ, ಬೀಳದ್ದಕ್ಕೆ ಕತ್ತರಿ ಗುರುತು. ಓದಿದ್ದು ಮೂರನೇ ಇಯತ್ತೆ. ಅಕ್ಷರ ತಡವರಿಸಿದರೂ ಅಂಕಿಗಳು ಮುತ್ತು ಪೋಣಿಸಿದ ಹಾಗಿವೆ.

ಎಣಿಸುವ ಚಟ ಅಂಟಿಕೊಂಡದ್ದು ಭದ್ರಾವತಿಯಲ್ಲಿ. ಹದಿನೆಂಟನೇ ವಯಸ್ಸಿಗೆ ಅಲ್ಲಿನ ಗುತ್ತಿಗೆದಾರರೊಬ್ಬರ ಸೌದೆ ಡಿಪೋ ಸೇರಿದರು. ಗಾಡಿಯಿಂದ ಇಳಿಯುವ ಒಂದೊಂದು ದಿಮ್ಮಿಗೆ ಒಂದು ಹುಣಸೆ ಬೀಜವನ್ನು ಎಡಗಡೆ ಚೀಲದಿಂದ ಬಲಗಡೆ ಚೀಲಕ್ಕೆ ಹಾಕುವುದು ಕೆಲಸ. ಒಂದು ಮಳೆಗಾಲ ದಿಮ್ಮಿಯೊಂದು ಜಾರಿ ಎಡ ಪಾದದ ಮೇಲೆ ಬಿತ್ತು. ಆರು ತಿಂಗಳು ಮನೆ ಹಿಡಿದರು. ಆಮೇಲೆ ಡಿಪೋದವರು ಮತ್ತೆ ಕರೆಯಲಿಲ್ಲ. ಅಲ್ಲಿ ಇಲ್ಲಿ ಕೂಲಿ ಮಾಡಿ, ೧೯೫೧ರಲ್ಲಿ ಈ ಮೈದಾನಕ್ಕೆ ಬಂದರು. ಬೀಜ ಮಾತ್ರ ಬಿಟ್ಟಿಲ್ಲ. ಭಾನುವಾರ ಊಟ ಮುಗಿದರೆ ದುರ್ಗಿಗುಡಿಯ ಮನೆಯ ಜಗಲಿಯಲ್ಲಿ ಸೀಮೆಸುಣ್ಣದಿಂದ ಅಂಕಣ ಬರೆದು, ವಾರದ ಲೆಕ್ಕವನ್ನು ಬೀಜಗಳಲ್ಲಿ ಹರಡುತ್ತಾರೆ. ಬಿದ್ದದ್ದಕ್ಕೆ ಹುಣಸೆ, ಬೀಳದ್ದಕ್ಕೆ ಹೊಂಗೆ.

"ಜಗಲೀಲಿ ಕಾಲಿಡೋ ಹಾಗಿಲ್ಲ. ಸಾರಿಗೆ ಹುಣಸೆ ಹಣ್ಣು ತನ್ನಿ ಅಂದ್ರೆ ಮರೀತಾರೆ, ಬೀಜ ಎಲ್ಲಿ ಅಂತ ಮಾತ್ರ ಮರೀದೇ ಕೇಳ್ತಾರೆ" ಎಂದು ಹೆಂಡತಿ ಕರಿಬಸಮ್ಮ ಬೈಯುತ್ತಾರೆ. ಬೈಯುತ್ತಲೇ ಜಗಲಿಯ ಅಂಚಿನಲ್ಲಿ ಹುಷಾರಾಗಿ ನಡೆಯುತ್ತಾರೆ.

ಈ ಬೀಜಗಳೇ ಕಳೆದ ತಿಂಗಳು ಚೌಡಯ್ಯನವರ ನೆಮ್ಮದಿ ಕೆಡಿಸಿದವು.

ಕಾಲೇಜು ತಂಡಕ್ಕೆ ೧೯೬೩-೬೪ ಒಳ್ಳೆಯ ವರ್ಷ. ಲೀಗಿನಲ್ಲಿ ಹದಿಮೂರು ಪಂದ್ಯ ಮುಗಿದಿದ್ದವು. ಮನೆಯಂಗಳದಲ್ಲಿ ಆಡಿದ ಎಂಟರಲ್ಲಿ ಎಂಟೂ ಗೆಲುವು. ಹೊರಗೆ ಆಡಿದ ಐದರಲ್ಲಿ ಎರಡೇ. ಕೊನೆಯ ಪಂದ್ಯ ಫೆಬ್ರವರಿಯ ಒಂದು ಶನಿವಾರ, ಇಲ್ಲೇ, ಭದ್ರಾವತಿಯ ನ್ಯೂಟೌನ್ ತಂಡದ ಮೇಲೆ. ಗೆದ್ದವರಿಗೆ ಕಪ್ಪು. ಹನ್ನೊಂದು ವರ್ಷದಿಂದ ಈ ಕಾಲೇಜಿನ ಗಾಜಿನ ಬೀರು ಆ ಕಪ್ಪಿಗಾಗಿ ಬಾಯಿ ತೆರೆದುಕೊಂಡು ಕೂತಿದೆ. ಹುಡುಗರು ಮೆರವಣಿಗೆಗೆ ಬ್ಯಾಂಡಿನವರನ್ನೂ ಮಾತಾಡಿಬಿಟ್ಟಿದ್ದರು.

ಅದಕ್ಕೆ ಆರು ದಿನ ಮೊದಲು, ಭಾನುವಾರ, ಚೌಡಯ್ಯ ಎಂಟು ಪಂದ್ಯಗಳ ಲೆಕ್ಕವನ್ನು ಒಟ್ಟಿಗೆ ಹರಡಿದರು. ಹೊರಗಿನ ತಂಡಗಳು ಪಶ್ಚಿಮದ ರಿಂಗಿಗೆ ಬಲಗಡೆಯಿಂದ ತೊಂಬತ್ತೆರಡು ಸಲ ಎಸೆದಿದ್ದವು, ಬಿದ್ದದ್ದು ಮೂವತ್ತೆರಡು. ಎಡಗಡೆಯಿಂದ ತೊಂಬತ್ತು, ಬಿದ್ದದ್ದು ಮೂವತ್ತೊಂದು. ಪೂರ್ವದ ರಿಂಗಿಗೆ ಎಡಗಡೆಯಿಂದ ಎಂಬತ್ತಾರರಲ್ಲಿ ಮೂವತ್ತು. ಇಲ್ಲಿಯವರೆಗೆ ಎಲ್ಲ ಮೂರರಲ್ಲಿ ಒಂದರ ಲೆಕ್ಕ. ಅದೇ ಪೂರ್ವದ ರಿಂಗಿಗೆ ಬಲಗಡೆಯಿಂದ ತೊಂಬತ್ತೆಂಟು ಎಸೆತ, ಬಿದ್ದದ್ದು ಬರೀ ಹದಿನೈದು. ಕಾಲೇಜಿನ ಹುಡುಗರು ಆ ಬಲಗಡೆಯಿಂದ ಎಂಟು ಪಂದ್ಯದಲ್ಲಿ ಎಸೆದದ್ದೇ ಇಪ್ಪತ್ತೇಳು ಸಲ. ಎಡಗಡೆಯಿಂದ ನೂರ ನಲವತ್ತೆಂಟು. ಬೆಳಗಿನ ಹೆಜ್ಜೆ ಗುರುತುಗಳೂ ಅದನ್ನೇ ಹೇಳುತ್ತಿದ್ದವು. ಪೂರ್ವದ ಕಂಬದ ಎಡಗಡೆ ಮಣ್ಣು ಉತ್ತ ಹಾಗಿರುತ್ತಿತ್ತು, ಬಲಗಡೆ ಹಿಂದಿನ ದಿನ ಎಳೆದ ರೋಲರಿನ ಗುರುತು ಹಾಗೇ ಉಳಿದಿರುತ್ತಿತ್ತು.

"ಹುಡುಗರಿಗೆ ಗೊತ್ತಿರ್ಲಿಲ್ಲ. ದಿನಾ ಆಡಿ ಆಡಿ ಅವರ ಕಾಲಿಗೆ ಗೊತ್ತಾಗಿತ್ತು. ಬಲಗಡೆ ಬೀಳಲ್ಲ ಅಂತ ಕಾಲೇ ಎಡಕ್ಕೆ ಹೋಗ್ತಿತ್ತು. ಬಂದೋರಿಗೆ ಹೇಗೆ ಗೊತ್ತಾಗ್ಬೇಕು?"

ಸೋಮವಾರ ಬೆಳಿಗ್ಗೆ ಏಣಿ ಹಾಕಿ ಹತ್ತಿ, ಗಾರೆ ಕೆಲಸದವರಿಂದ ತಂದ ರಸಮಟ್ಟವನ್ನು ರಿಂಗಿನ ಮೇಲಿಟ್ಟು ನೋಡಿದರು. ರಿಂಗು ಎಡಕ್ಕೆ ವಾಲಿತ್ತು, ಒಂದೂವರೆ ಅಂಗುಲ. ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಆಷಾಢದ ಮಳೆಯಲ್ಲಿ ಬೋಲ್ಟು ತುಕ್ಕು ಹಿಡಿದು ರಿಂಗು ಅಲುಗಾಡುತ್ತಿದ್ದಾಗ, ಹೊಸ ಬೋಲ್ಟು ಬರುವ ತನಕ ಇರಲಿ ಎಂದು ಎಡಗಡೆ ಅಡಿಕೆ ಮರ ಸೀಳಿದ ದಬ್ಬೆಯ ಚೂರೊಂದನ್ನು ಬೆಣೆ ಹೊಡೆದವರು ಸ್ವತಃ ಚೌಡಯ್ಯ. ದಬ್ಬೆ ಹಸಿಯಾಗಿತ್ತು. ಮಳೆ ಮುಗಿದು ಬಿಸಿಲು ಬಿದ್ದ ಮೇಲೆ ಅದು ಒಣಗಿ ಕುಗ್ಗಿತು, ರಿಂಗು ಇಳಿಯಿತು. ಹಸಿ ದಬ್ಬೆ ಒಣಗಿದರೆ ಕುಗ್ಗುತ್ತದೆ ಎಂಬುದು ಈ ಸೀಮೆಯಲ್ಲಿ ಬೇಲಿ ಕಟ್ಟುವ ಎಲ್ಲರಿಗೂ ಗೊತ್ತು. ಬೋಲ್ಟು ಬಂತು, ಬೆಣೆ ತೆಗೆದು ಅದನ್ನು ಹಾಕುವುದು ಮರೆತೇ ಹೋಯಿತು.

ನಾಚಿಕೆಯಾಯಿತು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಏಣಿ ಇಳಿದವರು ನೇರ ದೈಹಿಕ ಶಿಕ್ಷಣದ ಮೇಷ್ಟ್ರು ಗಂಗಾಧರಪ್ಪನವರ ಕೋಣೆಗೆ ಹೋಗಿ ಪುಸ್ತಕ ಬಿಚ್ಚಿದರು. ಮೇಷ್ಟ್ರು ಎರಡು ಸಲ ಅಂಕಿಗಳ ಮೇಲೆ ಬೆರಳಾಡಿಸಿದರು.

"ಎಂಟು ತಿಂಗಳು ಸುಮ್ನಿದ್ದೋನು ಇನ್ನೈದು ದಿನ ಸುಮ್ನಿರೋಕೆ ಆಗಲ್ವೇನೋ ಮಾರಾಯ?"

"ಗೊತ್ತಿರ್ಲಿಲ್ಲ ಸಾರ್, ಸುಮ್ನಿದ್ದೆ. ಈಗ ಗೊತ್ತಾಗಿದೆ."

"ಕಪ್ಪು ಹೋದ್ರೆ ಹುಡುಗರು ನಿನ್ನ ಸುಮ್ನೆ ಬಿಡಲ್ಲ. ಪ್ರಿನ್ಸಿಪಾಲರು ಕೇಳಿದ್ರೆ ಬೆಣೆ ಹೊಡೆದಿದ್ದು ಯಾರು ಅಂತ ನಾನು ಹೇಳ್ಬೇಕಾಗುತ್ತೆ."

"ನಾನೇ ಹೇಳ್ತೀನಿ ಸಾರ್."

ಮೇಷ್ಟ್ರು ಪುಸ್ತಕ ಮುಚ್ಚಿ ಕೈಗೆ ಕೊಟ್ಟರು. ಮಾಡು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಮರುದಿನ ಬೆಳಗಾಗುವ ಮುಂಚೆ ಚೌಡಯ್ಯ ಏಣಿಯ ಮೇಲೆ ನಿಂತು ಬೆಣೆ ಕಿತ್ತು ಹೊಸ ಬೋಲ್ಟು ಬಿಗಿಯುತ್ತಿದ್ದಾಗ, ಕೆಳಗೆ ಏಣಿ ಅಲುಗದ ಹಾಗೆ ಯಾರೋ ಹಿಡಿದುಕೊಂಡರು. ಬಗ್ಗಿ ನೋಡಿದರೆ ಮಫ್ಲರು ಸುತ್ತಿಕೊಂಡ ಗಂಗಾಧರಪ್ಪ ಮೇಷ್ಟ್ರು. ಅಂದು ಸಂಜೆಯೇ ಮೇಷ್ಟ್ರು ಹುಡುಗರನ್ನು ಸೇರಿಸಿ ರಿಂಗು ಸರಿ ಮಾಡಿಸಿರುವುದಾಗಿ ತಿಳಿಸಿದರು. ವರ್ಷವಿಡೀ ಕಲಿತ ಕಾಲುಗಳಿಗೆ ನಾಲ್ಕು ದಿನದಲ್ಲಿ ಅದನ್ನು ಮರೆಸುವುದು ಸುಲಭವಾಗಿರಲಿಲ್ಲ.

ಶನಿವಾರದ ಪಂದ್ಯವನ್ನು ಕಾಲೇಜು ೪೭-೪೯ರಲ್ಲಿ ಸೋತಿತು. ಪೂರ್ವದ ರಿಂಗಿಗೆ ಕಾಲೇಜಿನವರು ಎಡಗಡೆಯಿಂದ ಹತ್ತೊಂಬತ್ತು ಸಲ ಎಸೆದರು, ಬಿದ್ದದ್ದು ಆರು. ನ್ಯೂಟೌನಿನವರು ಬಲಗಡೆಯಿಂದ ಹದಿಮೂರು ಎಸೆದು ಐದು ಹಾಕಿದರು. ಕೊನೆಯ ಎಸೆತ ನಾಯಕ ಲಕ್ಷ್ಮೀಕಾಂತನದು, ಅದೇ ಎಡಗಡೆಯಿಂದ. ಚೆಂಡು ರಿಂಗಿನ ಮೇಲೆ ಒಂದು ಸುತ್ತು ಸುತ್ತಿ ಹೊರಗೆ ಬಿತ್ತು. ಚೌಡಯ್ಯ ಕತ್ತರಿ ಗುರುತು ಹಾಕಿದರು. ಆ ಪುಟದಲ್ಲಿ ಆ ಒಂದು ಗುರುತಿನ ಪೆನ್ಸಿಲು ಕಾಗದವನ್ನು ಹರಿದಿದೆ.

ಬೆಣೆಯ ಕತೆಯನ್ನು ಅವರೇ ಲಕ್ಷ್ಮೀಕಾಂತನ ಹತ್ತಿರ ಹೋಗಿ ಹೇಳಿದರು. ಹುಡುಗ ಕೇಳಿದ್ದು ಒಂದೇ ಮಾತು: "ಚೌಡಣ್ಣ, ನೀವು ನಮ್ಮೋರೋ, ಭದ್ರಾವತಿಯೋರೋ?" ಅಂದಿನಿಂದ ಮೂರು ವಾರ ಲಕ್ಷ್ಮೀಕಾಂತ ಅವರ ಜೊತೆ ಮಾತು ಬಿಟ್ಟಿದ್ದಾನೆ, ಮೈದಾನಕ್ಕೂ ಬಂದಿಲ್ಲ. ಪ್ರಿನ್ಸಿಪಾಲರು ಕರೆಸಿ, ಎಲ್ಲ ಕೇಳಿ, ಇನ್ನು ಮೇಲೆ ಬೆಣೆ ಹೊಡೆಯುವ ಮುಂಚೆ ಕೇಳು ಎಂದಷ್ಟೇ ಹೇಳಿ ಕಳುಹಿಸಿದರು. ಆ ಮಾತಿಗಿಂತ ಹುಡುಗನ ಮೌನವೇ ಅವರಿಗೆ ಹೆಚ್ಚು ಚುಚ್ಚಿದೆ.

"ಬೇಜಾರಿದೆ. ಇಲ್ಲ ಅಂತ ಹೇಗೆ ಹೇಳ್ಲಿ? ಅವನು ಪಿ.ಯು.ಸಿ.ಗೆ ಬಂದಾಗಿಂದ ಇಲ್ಲಿ ಎಸೆದ ಒಂದೊಂದು ಎಸೆತಾನೂ ಈ ಪುಸ್ತಕದಲ್ಲಿದೆ. ಮೊದಲ್ನೇ ವರ್ಷ ಆರಕ್ಕೊಂದು ಬೀಳ್ತಿತ್ತು. ಹೊರಗಡೆ ಆಟದಲ್ಲೂ ಈಗ ಮೂರಕ್ಕೊಂದು ಹಾಕ್ತಾನೆ, ಮೇಷ್ಟ್ರು ಬಂದು ಲೆಕ್ಕ ಹೇಳ್ತಾರೆ. ಅದು ವಾಲಿದ ರಿಂಗು ಕೊಟ್ಟಿದ್ದಲ್ಲ. ಅದನ್ನ ಅವನಿಗೆ ತೋರಿಸ್ಬೇಕು ಅಂತ ಇದೆ."

ಮಂಜು ಕರಗುತ್ತಿದೆ. ಪಶ್ಚಿಮದ ಕಡೆ ನೋಡಿ ಮುಗಿಸಿದ ಚೌಡಯ್ಯ ಪೂರ್ವದ ಕಂಬದ ಬಳಿ ಬಂದು ನಿಲ್ಲುತ್ತಾರೆ. ಬಲಗಡೆ, ಯಾರೂ ಕಾಲಿಡದೆ ಬಿಟ್ಟ ಜಾಗದಲ್ಲಿ, ಮಣ್ಣು ಎದ್ದಿದೆ. ಒಬ್ಬನದೇ ಹೆಜ್ಜೆ. ಮುಂಗಾಲು ಒತ್ತಿದ ಗುರುತುಗಳು ಒಂದರ ಮೇಲೊಂದು ಬಿದ್ದಿವೆ. ಬಲ ಬೂಟಿನ ಅಟ್ಟೆಯಲ್ಲಿ ಅಡ್ಡಕ್ಕೆ ಒಂದು ಸೀಳು. ಮೂರು ವಾರದಿಂದ ಈ ಮೈದಾನದಲ್ಲಿ ಕಾಣದಿದ್ದ ಆ ಸೀಳು ಬೂಟು ಯಾರದೆಂದು ಚೌಡಯ್ಯನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುಕ್ಕರಗಾಲಿನಲ್ಲಿ ಕೂತು, ಬೆರಳು ಮಡಚುತ್ತ ಎಣಿಸುತ್ತಾರೆ. ಮೂವತ್ತರವರೆಗೆ ಬಿಡಿಸಿ ಎಣಿಸಬಹುದು, ಆಮೇಲೆ ಎಲ್ಲ ಕಲಸಿಹೋಗಿದೆ.

"ನಿನ್ನೆ ನಾನು ಮನೆಗೆ ಹೋದ್ಮೇಲೆ ಬಂದಿದ್ದಾನೆ" ಎನ್ನುತ್ತಾರೆ. ಮುಖ ಅರಳಿದೆ, ಅದನ್ನು ಮುಚ್ಚಿಡಲು ಅವರಿಗೆ ಬರುವುದಿಲ್ಲ.

ಪುಸ್ತಕ ಅಂಗಿಯ ಜೇಬಿನಲ್ಲೇ ಇದೆ, ಅದನ್ನು ಹೊರಗೆ ತೆಗೆಯುವುದಿಲ್ಲ. ರೋಲರಿನ ಹಿಡಿಕೆ ಹಿಡಿದು ಪಶ್ಚಿಮದ ಕಡೆಯಿಂದ ಎಳೆಯಲು ಶುರುಮಾಡುತ್ತಾರೆ. ಈ ಮೂವತ್ತನ್ನು ಬರೆದುಕೊಳ್ಳುವುದಿಲ್ಲವೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

"ಎಸೆದಿದ್ದು ಮಣ್ಣು ಹೇಳುತ್ತೆ. ಬಿತ್ತೋ ಇಲ್ವೋ ನಾನು ನೋಡಿಲ್ಲ. ನೋಡದೇ ಇದ್ದಿದ್ದು ಈ ಪುಸ್ತಕದಲ್ಲಿ ಒಂದೂ ಇಲ್ಲ. ಇವತ್ತು ಸಂಜೆ ಸ್ವಲ್ಪ ಹೊತ್ತು ಇದ್ದು ಹೋಗ್ತೀನಿ."